ಬೆರಳಚ್ಚಿನ ತೂಕ

೨೦೧೪ರ ಮಾರ್ಚ್ ೧೧, ಮಂಗಳವಾರ, ಬೆಳಿಗ್ಗೆ ಹತ್ತು ಗಂಟೆ ಹದಿನೇಳು ನಿಮಿಷ.

ಟಂಕಸಾಲೆಯ ಪ್ರೂಫ್ ವಿಭಾಗಕ್ಕೆ ಹೋಗುವ ದಾರಿಯಲ್ಲಿ ಎರಡು ಉಕ್ಕಿನ ಬಾಗಿಲುಗಳಿವೆ. ಒಂದು ಪೂರ್ತಿ ಮುಚ್ಚಿದ ಮೇಲೆಯೇ ಇನ್ನೊಂದು ತೆರೆಯುತ್ತದೆ. ನಡುವೆ ಇಬ್ಬರು ನಿಲ್ಲುವಷ್ಟು ಜಾಗ. ಅವಳು ಅಲ್ಲಿ ನಿಂತಿದ್ದಾಗಲೇ ಕರೆಂಟು ಹೋಯಿತು.

ಹಿಂದಿನ ಬಾಗಿಲು ಮುಚ್ಚಿತ್ತು. ಮುಂದಿನದು ಇನ್ನೂ ತೆರೆದಿರಲಿಲ್ಲ. ಒಳಗೆ ಅವಳು, ಮತ್ತು ಅವಳು ಎಂದೂ ನೋಡಿರದ ಒಬ್ಬ ಗಂಡಸು.

ಮೂಲೆಯಲ್ಲಿ ಸಣ್ಣ ಕೆಂಪು ದೀಪವೊಂದು ಹೊತ್ತಿಕೊಂಡಿತು. ಅದರ ಬೆಳಕಿನಲ್ಲಿ ಅವಳಿಗೆ ಮೊದಲು ಕಂಡದ್ದು ಅವನ ಮುಖವಲ್ಲ, ಕೈಗಳು. ಒಂದು ಮರದ ಪೆಟ್ಟಿಗೆಯನ್ನು ಎಳೆಗೂಸಿನ ಹಾಗೆ ಎದೆಗವಚಿಕೊಂಡಿದ್ದ. ಕೈಗೆ ಬಿಳಿ ಹತ್ತಿಯ ಗವಸು. ಅವಳ ಕೈಯಲ್ಲಿದ್ದಂಥದೇ.

ಹೊರಗಿನಿಂದ ಕಾವಲುಗಾರ ಕೂಗಿ ಹೇಳಿದ. ಜನರೇಟರ್ ಬರುತ್ತದೆ, ಆದರೆ ಬಾಗಿಲಿನ ಯಂತ್ರವನ್ನು ಮೊದಲಿನಿಂದ ಚಾಲೂ ಮಾಡಬೇಕು, ಸ್ವಲ್ಪ ಹೊತ್ತು ಹಿಡಿಯುತ್ತದೆ, ಗಾಬರಿಯಾಗಬೇಡಿ ಎಂದ. ಹಾಗೆ ಅಂದ ಕೂಡಲೇ ಅವಳಿಗೆ ಗಾಬರಿ ಶುರುವಾಯಿತು.

ಎಂಟು ವರ್ಷದಿಂದ ದಿನಕ್ಕೆ ನಾಲ್ಕು ಸಲ ಈ ಗೂಡನ್ನು ದಾಟುತ್ತಿದ್ದಳು. ಪ್ರತಿ ಸಲವೂ ಮೂರು ಸೆಕೆಂಡು ಉಸಿರು ಬಿಗಿಹಿಡಿಯುತ್ತಿದ್ದಳು. ಮೂರು ಸೆಕೆಂಡು ಹೇಗೋ ಕಳೆದುಹೋಗುತ್ತದೆ. ಇದು ಹಾಗಲ್ಲ... ಗೋಡೆ ಹತ್ತಿರ ಸರಿದಂತೆ, ಗಾಳಿ ತೆಳುವಾದಂತೆ, ಎದೆಯ ಮೇಲೆ ಯಾರೋ ಕೈಯೂರಿ ಕೂತಂತೆ.

ಅವಳ ಉಸಿರಿನ ಸದ್ದು ಅವನಿಗೆ ಕೇಳಿಸಿರಬೇಕು. ಸಮಾಧಾನದ ಮಾತು ಒಂದನ್ನೂ ಆಡಲಿಲ್ಲ. ಪೆಟ್ಟಿಗೆಯ ವಿಷಯ ಶುರುಮಾಡಿದ. ಒಳಗಿರುವುದು ತೂಕದ ಬಟ್ಟುಗಳು. ಇಲ್ಲಿನ ತಕ್ಕಡಿಗಳು ನಿಜ ಹೇಳುತ್ತಿವೆಯೇ ಎಂದು ಮೂರು ತಿಂಗಳಿಗೊಮ್ಮೆ ಇವುಗಳಿಂದ ಪರೀಕ್ಷಿಸಬೇಕು. ಹಿಂದೆ ಬರುತ್ತಿದ್ದವರು ನಿವೃತ್ತರಾದರು, ಇವನಿಗೆ ಇದು ಮೊದಲ ದಿನ. ಬಟ್ಟುಗಳನ್ನು ಬರಿಗೈಯಲ್ಲಿ ಮುಟ್ಟುವಂತಿಲ್ಲ.

"ಮುಟ್ಟಿದ್ರೆ?" ಎಂದು ಅವಳು ಕೇಳಿದಳು. ತನ್ನ ದನಿ ಇಷ್ಟು ಸಣ್ಣದೇ ಅನ್ನಿಸಿತು.

"ತೂಕ ಜಾಸ್ತಿ ಆಗುತ್ತೆ. ಬೆರಳಚ್ಚಿಗೂ ತೂಕ ಇದೆ."

"ಎಷ್ಟು?"

ಅವನು ನಿಜವಾಗಿಯೇ ಯೋಚಿಸಿದ. "ಗೊತ್ತಿಲ್ಲ. ನಾನು ಯಾವತ್ತೂ ಅಳೆದಿಲ್ಲ. ಅಳೀಬೇಕು ಅಂದ್ರೆ ಮೊದಲು ಯಾರಾದ್ರೂ ತಪ್ಪು ಮಾಡ್ಬೇಕಲ್ಲ."

ಅವಳಿಗೆ ನಗು ಬಂತು. ನಗಲು ಗಾಳಿ ಬೇಕು. ಗಾಳಿ ಇದೆ ಎಂದು ಆಗ ಗೊತ್ತಾಯಿತು.

ಹತ್ತು ನಲವತ್ತೊಂದಕ್ಕೆ ಬಾಗಿಲು ತೆರೆಯಿತು. ಇಪ್ಪತ್ತನಾಲ್ಕು ನಿಮಿಷ ಅವನು ಪೆಟ್ಟಿಗೆಯನ್ನು ಕೆಳಗಿಟ್ಟಿರಲಿಲ್ಲ. ಅವಳ ಮುಖದ ಕಡೆ ಒಮ್ಮೆಯೂ ನೆಟ್ಟಗೆ ನೋಡಿರಲಿಲ್ಲ. ಹೆದರಿದವರ ಮುಖ ನೋಡಬಾರದೆಂಬ ಸೂಕ್ಷ್ಮ ಇವನಿಗೆ ಯಾರು ಕಲಿಸಿದರೋ ಎಂದುಕೊಂಡಳು.

ಆ ದಿನ ಸಂಜೆಯ ಹೊತ್ತಿಗೆ ಇಡೀ ವಿಭಾಗ ಅವನಿಗೆ 'ತೂಕದವನು' ಎಂದು ಹೆಸರಿಟ್ಟಿತ್ತು.

*

ಅವಳಿಗೂ ಒಂದು ಅಡ್ಡಹೆಸರಿತ್ತು. ಹದ್ದುಗಣ್ಣು.

ಪ್ರೂಫ್ ನಾಣ್ಯವೆಂದರೆ ಅಂಗಡಿಯಲ್ಲಿ ಚಿಲ್ಲರೆಗೆ ಸಿಗುವ ನಾಣ್ಯವಲ್ಲ. ಸಂಗ್ರಹಕಾರರಿಗೆಂದೇ, ಕನ್ನಡಿಯಂತೆ ಉಜ್ಜಿದ ಅಚ್ಚಿನಿಂದ ಎರಡೆರಡು ಬಾರಿ ಒತ್ತಿ ತಯಾರಿಸಿದ್ದು. ಚಿತ್ರ ಮಂಜು ಕವಿದಂತೆ ಬಿಳಿ, ಸುತ್ತಲಿನ ಬಯಲು ಕಪ್ಪು ನೀರಿನಂತೆ ನಯ. ವರ್ಷಕ್ಕೊಂದು ಸೆಟ್. ಆ ಬಯಲಿನಲ್ಲಿ ಕೂದಲೆಳೆಯಷ್ಟು ಗೀರು ಕಂಡರೂ ನಾಣ್ಯ ಮತ್ತೆ ಕುಲುಮೆಗೆ.

ಆ ಗೀರನ್ನು ಹುಡುಕುವುದೇ ಅವಳ ಕೆಲಸ. ಕಿಟಕಿಯಿಲ್ಲದ ಕೋಣೆ, ಜೇಬಿಲ್ಲದ ಕೋಟು, ಒಂದು ದೀಪ, ಒಂದು ಭೂತಗನ್ನಡಿ. ಸಾಲಾಗಿ ಹನ್ನೊಂದು ಹೆಂಗಸರು. ಅವರಲ್ಲೊಬ್ಬರಾದ ಮೇಲ್ವಿಚಾರಕಿಯನ್ನು ಎಲ್ಲರೂ ದೊಡ್ಡಮ್ಮ ಎನ್ನುತ್ತಿದ್ದರು. ನಿವೃತ್ತಿಗೆ ಎರಡೇ ವರ್ಷ ಇದ್ದ, ಬೈಯುವಾಗಲೂ 'ಮಗಾ' ಅನ್ನುವ ಹೆಂಗಸು. ಎಂಟು ವರ್ಷದಲ್ಲಿ ಲಕ್ಷಗಟ್ಟಲೆ ನಾಣ್ಯ ಹದ್ದುಗಣ್ಣಿನ ಅಡಿ ಹಾದುಹೋಗಿದ್ದವು. ಒಂದನ್ನೂ ಬರಿಬೆರಳಿನಿಂದ ಮುಟ್ಟಿರಲಿಲ್ಲ.

ಕನ್ನಡಿಯಂಥ ಮೈಯ ಮೇಲೆ ಬೆರಳು ತಾಗಿದರೆ ಆ ಗುರುತು ಮೊದಲು ಕಾಣುವುದೇ ಇಲ್ಲ. ವರ್ಷ ಕಳೆದಂತೆ ಬೆವರಿನ ಉಪ್ಪು ಲೋಹವನ್ನು ತಿನ್ನುತ್ತ ಹೋಗುತ್ತದೆ. ಕೊನೆಗೆ ಬೆರಳಿನ ಗೆರೆಗಳೆಲ್ಲ ಕಂದು ಬಣ್ಣಕ್ಕೆ ಮೂಡಿ, ಮತ್ತೆಂದೂ ಹೋಗುವುದಿಲ್ಲ.

ಮನೆಯಲ್ಲಿ ಅಕ್ಕ ಮತ್ತು ಭಾವ. ಭಾವ ತಮಾಷೆಗೆ, ನಿನ್ನ ಕಣ್ಣಿಗೆ ಬಿದ್ದ ಗಂಡುಗಳೆಲ್ಲ ಕುಲುಮೆಗೇ ಹೋದವು ಅನ್ನುತ್ತಿದ್ದರು. ಆ ಮಾತಿನಲ್ಲಿ ಅರ್ಧ ಮಾತ್ರ ತಮಾಷೆ.

*

ಜೂನ್ ತಿಂಗಳ ಪರೀಕ್ಷೆಗೆ ತೂಕದವನು ಬಂದಾಗ ಇಬ್ಬರೂ ಒಂದೇ ಬಸ್ ನಿಲ್ದಾಣದಲ್ಲಿ ನಿಂತರು. ಮಾತಿಗೆ ಮಾತು ಬೆಳೆದು, ತಾನು ಹುಟ್ಟಿದ ವರ್ಷದಿಂದ ಈ ವರ್ಷದವರೆಗೆ ಒಂದೂ ತಪ್ಪದೆ ಮೂವತ್ತು ಪ್ರೂಫ್ ಸೆಟ್‌ಗಳು ತನ್ನ ಬಳಿ ಇವೆ ಎಂದು ಅವನು ಹೇಳಿದ.

ಅವಳ ಮುಖ ಬಾಡಿತು.

ಸಂಗ್ರಹಕಾರರೆಂದರೆ ಅವಳಿಗೆ ಭಯ. ಮುಂದಿನ ವರ್ಷ ಏನು ಬರುತ್ತದೆ, ಬರುತ್ತದೋ ಇಲ್ಲವೋ, ಎಷ್ಟು ಮಾಡುತ್ತಾರೆ ಎಂದು ಪೀಡಿಸುವವರು ಒಬ್ಬಿಬ್ಬರಲ್ಲ. ಸೆಟ್ ಎಷ್ಟು ಕಡಿಮೆಯೋ ಅಷ್ಟು ಬೆಲೆ. ಒಂದು ಸುಳಿವು ಸಿಕ್ಕರೆ ಸಾಕು. ಸಂಬಂಧ ಕೇಳಿಕೊಂಡು ಮನೆಗೇ ಬಂದಿದ್ದ ಒಬ್ಬಾತ, ಕುರ್ಚಿಯಲ್ಲಿ ಸರಿಯಾಗಿ ಕೂರುವ ಮೊದಲೇ, ಬರುವ ವರ್ಷದ ಸೆಟ್ಟಿನಲ್ಲಿ ಬೆಳ್ಳಿ ಇರುತ್ತದೆಯೇ ಎಂದು ಕೇಳಿದ್ದ.

ಇವನೂ ಹಾಗೆಯೇ?

ಅವಳು ಬಾಯಿಬಿಟ್ಟು ಕೇಳಲಿಲ್ಲ. ಆದರೆ ಅವನಿಗೆ ಅರ್ಥವಾಯಿತು.

"ಒಂದು ಒಪ್ಪಂದ ಮಾಡ್ಕೊಳ್ಳೋಣ. ನಿಮ್ಮ ಕೆಲಸದ ಬಗ್ಗೆ ನಾನು ಒಂದೂ ಪ್ರಶ್ನೆ ಕೇಳಲ್ಲ. ನೀವಾಗಿ ಹೇಳೋಕೆ ಬಂದ್ರೂ ಕಿವಿ ಮುಚ್ಕೋತೀನಿ."

"ಇವತ್ತು ಎಷ್ಟು ದಣಿವಾಯ್ತು ಅಂತಲೂ ಕೇಳಲ್ವಾ?"

ಅವನು ತಲೆ ಕೆರೆದುಕೊಂಡ. "ದಣಿವು ಟಂಕಸಾಲೆಯ ಗುಟ್ಟಾ?"

"ಅಲ್ಲ."

"ಹಾಗಾದ್ರೆ ಅದೊಂದು ಕೇಳ್ತೀನಿ."

ಅವನು ಮಾತಿಗೆ ತಪ್ಪಲಿಲ್ಲ. ಆಮೇಲಿನ ಎಷ್ಟೋ ಸಂಜೆಗಳಲ್ಲಿ, ಉದ್ಯಾನದ ಕಲ್ಲುಬೆಂಚಿನ ಮೇಲೆ, ಪುಸ್ತಕದಂಗಡಿಯ ಮೆಟ್ಟಿಲ ಮೇಲೆ, ಅವನು ಕೇಳಿದ್ದು ದಣಿವನ್ನು ಮಾತ್ರ. ಇಡೀ ದಿನ ಗೀರು ಹುಡುಕಿ ಸೋತ ಅವಳ ಕಣ್ಣಿಗೆ, ಏನನ್ನೂ ಹುಡುಕದೆ ಸುಮ್ಮನೆ ನೋಡಬಹುದಾದ ಮುಖವೊಂದು ಸಿಕ್ಕಿತ್ತು.

*

ಜುಲೈನಲ್ಲಿ ಒಂದು ಭಾನುವಾರ ಅವನು ಮನೆಗೆ ಕರೆದ. ಕೆಳಗೆ ಅವನ ತೂಕದ ಪ್ರಯೋಗಶಾಲೆ, ಮೇಲೆ ಅವನು ಮತ್ತು ಅವನ ತಾಯಿ. ತಾಯಿ ಹೊಲಿಗೆ ಕೆಲಸದವರು. ಬೆರಳ ತುದಿಯಲ್ಲಿ ಸೂಜಿಯ ಕಲೆಗಳು, ಮಾತೂ ಸೂಜಿಯಂತೆ.

ಪ್ರಯೋಗಶಾಲೆಯ ಗಾಜಿನ ಕಪಾಟಿನಲ್ಲಿ ಮೂವತ್ತು ಪೆಟ್ಟಿಗೆಗಳು ಸಾಲಾಗಿದ್ದವು. ಅವನು ಮೊದಲನೆಯದನ್ನು ತೆಗೆದು ಅವಳ ಕೈಗೆ ಕೊಟ್ಟ. ಅವಳ ಕೈ ತಾನಾಗಿಯೇ ಚೀಲದಲ್ಲಿದ್ದ ಭೂತಗನ್ನಡಿಯನ್ನು ಹುಡುಕಿತು.

ನೋಡಿದವಳು ಬೆಚ್ಚಿದಳು. ನಾಣ್ಯಗಳ ತುಂಬ ಗೀರು! ಒಂದೆರಡಲ್ಲ, ಸುತ್ತಿ ಸುತ್ತಿ ಎಳೆದ ನೂರಾರು ಸಣ್ಣ ವೃತ್ತಗಳು. ಯಾರೋ ಹೊಳಪಿನ ಪುಡಿ ಹಾಕಿ ಬಟ್ಟೆಯಿಂದ ಉಜ್ಜಿದ್ದಾರೆ. ಸಂಗ್ರಹಕಾರರ ಲೋಕದಲ್ಲಿ ಇದಕ್ಕಿಂತ ದೊಡ್ಡ ಅಪರಾಧವಿಲ್ಲ. ಉಜ್ಜಿದ ಪ್ರೂಫ್ ನಾಣ್ಯವನ್ನು ಯಾವ ಅಂಗಡಿಯವನೂ ಮುಟ್ಟುವುದಿಲ್ಲ.

"ನಾನೇ ಉಜ್ಜಿದ್ದು," ಎಂದರು ತಾಯಿ ಮೆಟ್ಟಿಲ ಮೇಲಿನಿಂದಲೇ. "ಇವನಿಗೆ ಆಗ ಹತ್ತು ವರ್ಷ. ಕೈಮುರಿದು ಮಲಗಿದ್ದ. ಅವನ ನಾಣ್ಯ ಮಂಕಾಗಿತ್ತು, ಎದ್ದು ನೋಡಿದಾಗ ಖುಷಿಪಡಲಿ ಅಂತ ಫಳಫಳ ಅನ್ನಿಸಿಟ್ಟೆ. ಹೊಗಳ್ತಾನೆ ಅಂದ್ಕೊಂಡ್ರೆ, ಪುಣ್ಯಾತ್ಮ ಮೂರು ದಿನ ಮಾತು ಬಿಟ್ಟ."

"ನಾಲ್ಕನೇ ದಿನ?" ಎಂದಳು ಅವಳು.

"ನಾಲ್ಕನೇ ದಿನ ಅತ್ತ," ಎಂದ ಅವನು. "ಇನ್ನೊಂದು ಸೆಟ್ ಕೊಳ್ಳಬಹುದಿತ್ತು. ಆದರೆ ಇದೇ ಇರಲಿ ಅನ್ನಿಸ್ತು."

ಅವಳು ಮತ್ತೆ ಭೂತಗನ್ನಡಿ ಹಿಡಿದಳು. ಹತ್ತೊಂಬತ್ತು ವರ್ಷ ಹಳೆಯ ವೃತ್ತಗಳು ಬೆಳಕಿನಲ್ಲಿ ತಿರುಗುತ್ತಿದ್ದವು. ಒಂದು ಕೈ, ಒಂದೇ ಒತ್ತಡ, ಅವಸರವಿಲ್ಲ. ಎಂಟು ವರ್ಷದಲ್ಲಿ ಮೊದಲ ಬಾರಿಗೆ ಗೀರುಗಳನ್ನು ನೋಡಿ ಅವಳ ಕಣ್ಣು ಮಂಜಾಯಿತು.

ಈ ಮನೆಯಲ್ಲಿ ತಪ್ಪಿಗೂ ಒಂದು ಪೆಟ್ಟಿಗೆ ಇದೆ... ಎಂದುಕೊಂಡಳು. ಅಷ್ಟೇ. ಅವಳ ಮನಸ್ಸು ಅಲ್ಲಿಯೇ ಕೂತುಬಿಟ್ಟಿತು.

*

ಸೆಪ್ಟೆಂಬರ್ ೨೨, ಸೋಮವಾರ. ಹನ್ನೊಂದು ಜನರನ್ನೂ ಒಬ್ಬೊಬ್ಬರಾಗಿ ಅಧಿಕಾರಿಯ ಕೋಣೆಗೆ ಕರೆದರು.

ಮೇಜಿನ ಮೇಲೆ ಒಂದು ಕಾಗದ. ಮುಂದಿನ ವರ್ಷ ಪ್ರೂಫ್ ಸೆಟ್ ಇರುವುದಿಲ್ಲ. ಅಚ್ಚುಗಳಿಗೆ ಆದೇಶ ಹೋಗಿಲ್ಲ, ಜನವರಿ ಕೊನೆಗೆ ವಿಭಾಗ ಮುಚ್ಚುತ್ತದೆ, ಎಲ್ಲರಿಗೂ ಬೇರೆ ಕಡೆ ಕೆಲಸ ಕೊಡುತ್ತಾರೆ. ಅಧಿಕೃತ ಪ್ರಕಟಣೆ ಹೊರಬೀಳುವವರೆಗೆ ಯಾರಿಗೂ, ಮನೆಯವರಿಗೂ ತಿಳಿಸಕೂಡದು. ಮಾತು ಹೊರಬಿದ್ದರೆ, ಯಾರಿಂದ ಹೊರಬಿತ್ತೆಂದು ಹುಡುಕುವುದಿಲ್ಲ. ಹನ್ನೊಂದು ಜನರೂ ಹೊಣೆ, ಹನ್ನೊಂದು ಜನರ ಕೆಲಸವೂ ಹೋಗುತ್ತದೆ.

ಅವಳು ಸಹಿ ಹಾಕಿದಳು. ಹೊರಗೆ ಬಂದಾಗ ದೊಡ್ಡಮ್ಮ ಗೋಡೆಗೊರಗಿ ನಿಂತಿದ್ದರು. ದೊಡ್ಡಮ್ಮ ಅವಳ ಕೋಟಿನ ತೋಳನ್ನು ಸುಮ್ಮನೆ ಒಮ್ಮೆ ಸರಿಪಡಿಸಿದರು.

ಪ್ರಕಟಣೆ ಯಾವಾಗ? ಅಕ್ಟೋಬರ್ ಮೊದಲ ವಾರ ಎಂದಿದ್ದರು. ಆಮೇಲೆ ಎರಡನೆಯ ವಾರ. ಆಮೇಲೆ ವಾರವನ್ನು ಹೇಳುವುದನ್ನೇ ನಿಲ್ಲಿಸಿದರು.

ದಿನಕ್ಕೆ ನಾಲ್ಕು ಸಲ ದಾಟುತ್ತಿದ್ದ ಗೂಡಿನಿಂದ ಅವಳು ಈಗ ಹೊರಗೆ ಬರುತ್ತಲೇ ಇರಲಿಲ್ಲ. ಬಸ್ಸಿನಲ್ಲಿ, ಊಟದ ಮೇಜಿನಲ್ಲಿ, ಅಕ್ಕನ ಪಕ್ಕದಲ್ಲಿ, ಎಲ್ಲೆಲ್ಲೂ ಹಿಂದೊಂದು ಬಾಗಿಲು, ಮುಂದೊಂದು ಬಾಗಿಲು.

ಅಕ್ಟೋಬರ್ ೧೯, ಭಾನುವಾರ. ಉದ್ಯಾನದ ಕಲ್ಲುಬೆಂಚು.

ಅವನು ಅಂದು ಎರಡು ಸಲ ಕನ್ನಡಕ ಒರೆಸಿಕೊಂಡ. ಮೂರನೆಯ ಸಲ ಒರೆಸುತ್ತ ಹೇಳಿದ.

"ಮೂವತ್ತು ಸೆಟ್ ನಾನೊಬ್ಬನೇ ಕೂಡಿಸಿದ್ದೀನಿ. ಮೂವತ್ತೊಂದನೇದನ್ನ ಇಬ್ಬರೂ ಸೇರಿ ತರೋಣ ಅಂತ ಆಸೆ. ಮುಂದಿನ ವರ್ಷದ ಸೆಟ್ ಬಿಡುಗಡೆ ಆದ ದಿನ ಮದುವೆ ಆಗೋಣ. ಅವತ್ತೇ, ಬೇರೆ ಯಾವ ದಿನವೂ ಬೇಡ. ನೀವು ನೋಡಿ ಒಪ್ಪಿದ ನಾಣ್ಯ, ನಮ್ಮ ಮದುವೆ ವರ್ಷದ್ದು..."

ಅವಳು ಚೀಲವನ್ನು ಮಡಿಲಿಗೆಳೆದುಕೊಂಡಳು.

ಹೂಂ ಅನ್ನಬೇಕು. ಬಾಯಿಗೆ ಬಂದೇ ಬಿಟ್ಟಿತ್ತು. ಆದರೆ ಹೂಂ ಅಂದರೆ? ಇಲ್ಲದ ದಿನಕ್ಕೆ ಒಪ್ಪಿದಂತೆ. ಅವನು ತಾಯಿಗೆ ಹೇಳುತ್ತಾನೆ, ಗೆಳೆಯರಿಗೆ ಹೇಳುತ್ತಾನೆ. ಟಂಕಸಾಲೆಯ ಹುಡುಗಿಯೇ ಆ ದಿನಕ್ಕೆ ಒಪ್ಪಿದಳಂತೆ, ಹಾಗಾದರೆ ಸೆಟ್ ಖಂಡಿತ ಎಂದು ಸಂಗ್ರಹಕಾರರ ಬಾಯಿಂದ ಬಾಯಿಗೆ ಹೋಗುತ್ತದೆ. ಮುಂದೊಂದು ದಿನ ನಿಜ ತಿಳಿದಾಗ, ಗೊತ್ತಿದ್ದೂ ನಗುತ್ತ ಸುಳ್ಳಿಗೆ ತಲೆಯಾಡಿಸಿದಳು ಎಂದು ಅವನಿಗೂ ತಿಳಿಯುತ್ತದೆ.

ಬೇರೆ ದಿನ ಎಂದರೆ?

"ದಿನ... ಆಮೇಲೆ ನೋಡೋಣ," ಎಂದಳು.

"ಯಾಕೆ? ಆ ದಿನ ಏನಾಗಿದೆ?"

ಅವನು ಮುಗ್ಧವಾಗಿಯೇ ಕೇಳಿದ. ಆದರೆ ಕೇಳಿದ ಮರುಕ್ಷಣ ಅವನ ಹುಬ್ಬು ಸ್ವಲ್ಪ ಗಂಟಾಯಿತು. ತಕ್ಕಡಿಯ ಮುಳ್ಳು ಅಲುಗಾಡಿ ಒಂದು ಕಡೆಗೆ ವಾಲುವುದನ್ನು ನೋಡುವಾಗಿನ ನೋಟ. ಇನ್ನು ಹತ್ತು ಸೆಕೆಂಡು ಬಿಟ್ಟರೆ ಅವನೇ ಕಂಡುಹಿಡಿಯುತ್ತಾನೆ. ಅವಳ ಕಣ್ಣಮುಂದೆ ಗೋಡೆಗೊರಗಿ ನಿಂತ ದೊಡ್ಡಮ್ಮ ಬಂದರು, ಮೊನ್ನೆಯಷ್ಟೇ ಹೆಚ್ಚು ಬಾಡಿಗೆಯ ಮನೆಗೆ ಹೋದ ಪಕ್ಕದ ಮೇಜಿನವಳು ಬಂದಳು.

ಆ ಮುಳ್ಳನ್ನು ನಿಲ್ಲಿಸಲು ಅವಳಿಗೆ ಒಂದೇ ದಾರಿ ಕಂಡಿತು.

"ದಿನದ ಮಾತಲ್ಲ. ನನಗೆ ಈಗ ಮದುವೆಯ ಯೋಚನೆಯೇ ಇಲ್ಲ."

ಅವನು ಕನ್ನಡಕ ಹಾಕಿಕೊಂಡ. ಯಾಕೆ ಎಂದು ಕೇಳಲಿಲ್ಲ. ಪ್ರಶ್ನೆ ಕೇಳದಿರುವುದು ಅವನಿಗೆ ಅಷ್ಟು ರೂಢಿಯಾಗಿತ್ತು.

"ಇವತ್ತು ತುಂಬಾ ದಣಿವಾಗಿದ್ಯಾ?" ಎಂದ ಕೊನೆಗೆ.

ಅವಳು ಹೌದೆಂದು ತಲೆಯಾಡಿಸಿದಳು. ಅವನು ಬಸ್ಸಿನವರೆಗೆ ಬಂದು ಬಿಟ್ಟುಹೋದ. ಸಂಜೆ ಒಂದು ಸಂದೇಶ ಬಂತು: ಕ್ಷಮಿಸಿ, ಮತ್ತೆ ಈ ಮಾತು ಎತ್ತಲ್ಲ.

ಅಕ್ಕ ಬಾಗಿಲು ತಟ್ಟಿ, ಯಾರೇನಂದರು ಹೇಳು ಪುಟ್ಟೀ ಎಂದು ಕೇಳಿಯೇ ಕೇಳಿದಳು. ಯಾರೂ ಏನೂ ಅನ್ನಲಿಲ್ಲ ಎಂದಳು ಅವಳು. ಅದು ನಿಜವೇ ಆಗಿತ್ತು. ಅನ್ನಬೇಕಾದವಳು ತಾನು, ಅನ್ನಲಾಗದವಳೂ ತಾನು.

*

ಡಿಸೆಂಬರ್ ಎರಡನೆಯ ವಾರ ತಕ್ಕಡಿಗಳ ಪರೀಕ್ಷೆಗೆ ಬಂದದ್ದು ಅವನಲ್ಲ, ಅವನ ಹಿರಿಯ ಸಹೋದ್ಯೋಗಿ. ಕೆಲಸಕ್ಕಿಂತ ಮಾತು ಜಾಸ್ತಿ ಇದ್ದ ಮನುಷ್ಯ. ಗವಸು ತೊಡುತ್ತ ದೊಡ್ಡಮ್ಮನ ಬಳಿ ಹೇಳಿದ್ದು ಎರಡು ಮೇಜು ಆಚೆ ಅವಳಿಗೂ ಕೇಳಿಸಿತು. ನಮ್ಮ ಹುಡುಗನಿಗೆ ಅದೇನು ಹಿಡಿದಿದೆಯೋ, ತನ್ನ ಸೆಟ್‌ಗಳನ್ನೆಲ್ಲ ಮಾರುತ್ತಾನಂತೆ. ಬರುವ ಶನಿವಾರ ಹನ್ನೊಂದಕ್ಕೆ ನಾಣ್ಯದ ಅಂಗಡಿಯವನು ಮನೆಗೇ ಬರುತ್ತಾನೆ. ಸಾಲನ್ನು ಯಾಕೆ ಮುಂದುವರಿಸಬೇಕು ಅಂತ ನೆನಪಾಗ್ತಿಲ್ಲ ಅನ್ನುತ್ತಾನೆ, ಹುಚ್ಚ.

ಅವಳ ಭೂತಗನ್ನಡಿ ಕೈಯಲ್ಲೇ ನಿಂತಿತು.

ಒಂದೂ ತಪ್ಪದ ಮೂವತ್ತು ವರ್ಷ. ಇನ್ನು ಸ್ವಲ್ಪ ದಿನದಲ್ಲಿ ಆ ಸಾಲು ಪೂರ್ಣವಾಗುತ್ತದೆ, ಮುಗಿದ ಸಾಲಾಗುತ್ತದೆ. ಆಮೇಲೆ ಅಂಥದ್ದು ಹುಡುಕಿದರೂ ಸಿಗುವುದಿಲ್ಲ. ಅದು ಅವಳಿಗೆ ಗೊತ್ತು. ಅಂಗಡಿಯವನಿಗೂ ವಾಸನೆ ಬಡಿದಿರಬಹುದು. ಗೊತ್ತಿಲ್ಲದವನು ತೂಕದವನೊಬ್ಬನೇ, ಯಾಕೆಂದರೆ ಅವನು ಕೇಳುವುದಿಲ್ಲವೆಂದು ಮಾತು ಕೊಟ್ಟಿದ್ದಾನೆ.

ಹೊರಗೆ ಗಾಳಿಮಾತುಗಳಿಗೆ ಲೆಕ್ಕವಿರಲಿಲ್ಲ. ಸೆಟ್ ಇಲ್ಲವಂತೆ ಎಂದು ಒಬ್ಬ, ಈ ಸಲ ಎರಡೆರಡು ಬರುತ್ತದಂತೆ ಎಂದು ಇನ್ನೊಬ್ಬ. ಟಂಕಸಾಲೆಯ ವೆಬ್‌ಸೈಟಿನಲ್ಲಿ ತಿಂಗಳುಗಳಿಂದ ಒಂದೇ ಸಾಲು: ವಿವರಗಳು ಶೀಘ್ರದಲ್ಲಿ. ಶುಕ್ರವಾರ ಸಂಜೆಯೊಳಗೆ ಪ್ರಕಟಿಸಿಬಿಡಲಿ ಎಂದು ಅವಳು ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಕಾದಳು.

ಶುಕ್ರವಾರವೂ ಅದೇ ಸಾಲು.

ಡಿಸೆಂಬರ್ ೧೩, ಶನಿವಾರ, ಹತ್ತು ಐವತ್ತು. ಅವಳು ಅಡುಗೆಮನೆಯ ಹಿಂದಿನ ಸಣ್ಣ ಜಾಗದಲ್ಲಿ ಬಟ್ಟೆಗಳ ನಡುವೆ ಫೋನ್ ಹಿಡಿದು ನಿಂತಿದ್ದಳು.

'ಮಾರಬೇಡಿ' ಎಂದು ಬರೆದಳು.

ಒಂದೇ ಪದ. ಟಂಕಸಾಲೆಯ ಹೆಸರಿಲ್ಲ, ಸೆಟ್ಟಿನ ಮಾತಿಲ್ಲ. ಆದರೆ ಬರೆದವಳು ಹದ್ದುಗಣ್ಣು. ಆ ಒಂದು ಪದದಲ್ಲಿ ಎಲ್ಲವೂ ಇದೆ. ಅವನು ಮಾರುವುದಿಲ್ಲ ಎಂದಾಗ ಅಂಗಡಿಯವನು ಯಾಕೆ ಎನ್ನುತ್ತಾನೆ. ಯಾರೋ ಹೇಳಿದರು ಎಂದರೆ ಯಾರು ಎನ್ನುತ್ತಾನೆ.

ಅಳಿಸಿದಳು. ಬರೆದಳು. ಅಳಿಸಿದಳು. ಒದ್ದೆ ಬಟ್ಟೆಗಳು ಎರಡೂ ಬದಿಯಿಂದ ಮುಖಕ್ಕೆ ತಾಗುತ್ತಿದ್ದವು. ಕೂಗಿಬಿಡೋಣ ಅನ್ನಿಸಿತು. ಯಾರ ಮೇಲೆ ಕೂಗುವುದು?

ಹನ್ನೊಂದು ಹೊಡೆಯಿತು. ಹನ್ನೊಂದೂವರೆ ಆಯಿತು. ಅಕ್ಕ ಬಂದು, ಬಟ್ಟೆ ಒಣಗಲಿ ಅಂತ ಕಾಯ್ತಾ ಇದ್ದೀಯಾ ಎಂದು ನಗಲು ಹೊರಟವಳು, ಅವಳ ಮುಖ ನೋಡಿ ಸುಮ್ಮನೆ ಫೋನ್ ಕಸಿದುಕೊಂಡು ಒಳಗೆ ಕರೆದೊಯ್ದಳು.

*

೨೦೧೫ರ ಜನವರಿ ೯, ಶುಕ್ರವಾರ, ಸಂಜೆ ನಾಲ್ಕು ಗಂಟೆ.

ದೊಡ್ಡಮ್ಮ ಒಂದು ಕಾಗದ ಹಿಡಿದು ಒಳಗೆ ಬಂದರು. ಮುಂದಿನ ತೀರ್ಮಾನದವರೆಗೆ ಪ್ರೂಫ್ ಸೆಟ್‌ಗಳ ತಯಾರಿಕೆಯನ್ನು ನಿಲ್ಲಿಸಲಾಗಿದೆ ಎಂದು ಓದಿದರು. ಈಗ ತಾನೇ ಹೊರಗೆ ಹೋಯಿತಂತೆ.

"ಇನ್ನು ಬಾಯಿ ಬಿಡಬಹುದು ಕಣ್ರೇ," ಎಂದರು.

ನೂರ ಒಂಬತ್ತು ದಿನ ತುಟಿ ಹೊಲಿದುಕೊಂಡಿದ್ದ ಹನ್ನೊಂದು ಹೆಂಗಸರು ಒಬ್ಬರನ್ನೊಬ್ಬರು ನೋಡಿದರು. ಕೊನೆಗೆ ಪಕ್ಕದ ಮೇಜಿನವಳು, ನನಗೆ ಹಸಿವಾಗ್ತಿದೆ ಎಂದಳು. ಎಲ್ಲರೂ ನಕ್ಕರು, ನಗುತ್ತ ಇಬ್ಬರು ಅತ್ತರು.

ಅವಳು ಎರಡು ಬಾಗಿಲು ದಾಟಿದಳು. ಇಂದು ಉಸಿರು ಬಿಗಿಹಿಡಿಯಲು ಮರೆತಿದ್ದಳು. ಲಾಕರಿನಲ್ಲಿದ್ದ ಫೋನಿನಲ್ಲಿ ಅವನ ಸಂದೇಶ ಇರಲಿಲ್ಲ. ನೌಕರರಿಗೆಂದು ತಲಾ ಒಂದರಂತೆ ಕೊಳ್ಳಲು ಬಿಟ್ಟಿದ್ದ ಕಳೆದ ವರ್ಷದ ಸೆಟ್, ಕೊನೆಯ ಸೆಟ್, ಅವಳ ಚೀಲದಲ್ಲಿತ್ತು. ಬಸ್ಸಿಗೆ ಕಾಯಲಿಲ್ಲ. ನಡೆದಳು.

ಪ್ರಯೋಗಶಾಲೆಯ ಬಾಗಿಲು ತೆರೆದೇ ಇತ್ತು. ಅವನು ಸೂಕ್ಷ್ಮ ತಕ್ಕಡಿಯ ಮುಂದೆ ಕೂತಿದ್ದ. ತಟ್ಟೆಯ ಮೇಲೆ ಏನೂ ಇರಲಿಲ್ಲ. ಖಾಲಿ ತಕ್ಕಡಿಯನ್ನೇ ನೋಡುತ್ತಿದ್ದ.

"ಅಕ್ಟೋಬರ್ ಹತ್ತೊಂಬತ್ತಕ್ಕೆ ನಿಮಗೆ ಗೊತ್ತಿತ್ತು," ಎಂದ. ಅದು ಪ್ರಶ್ನೆಯಾಗಿರಲಿಲ್ಲ.

"ಗೊತ್ತಿತ್ತು."

"ಡಿಸೆಂಬರಿನಲ್ಲೂ."

"ಹದಿಮೂರಕ್ಕೆ, ಹನ್ನೊಂದು ಗಂಟೆಗೆ ಹತ್ತು ನಿಮಿಷ ಇದ್ದಾಗ, ಮಾರಬೇಡಿ ಅಂತ ಬರೆದು ಅಳಿಸಿದೆ."

ಅವನು ತಿರುಗಿ ನೋಡಿದ. "ಎಷ್ಟು ಸಲ?"

"ನಾಲ್ಕು."

ಅವಳು ಎಲ್ಲವನ್ನೂ ಹೇಳಿದಳು. ಕಾಗದ, ಸಹಿ, ಹನ್ನೊಂದು ಜನ. ಹೂಂ ಅಂದರೂ ತಪ್ಪು, ಬೇರೆ ದಿನ ಅಂದರೂ ತಪ್ಪು, ಕಲ್ಲುಬೆಂಚಿನ ಮೇಲೆ ತನಗೆ ಕಂಡ ಒಂದೇ ಸಂದು. ಮುಗಿಸಿದ ಮೇಲೆ ಕಪಾಟಿನ ಕಡೆ ನೋಡುವ ಧೈರ್ಯವಾಗಲಿಲ್ಲ.

"ನೋಡಿ," ಎಂದ ಅವನು.

ಕಪಾಟು ಖಾಲಿ. ಮೊದಲ ಪೆಟ್ಟಿಗೆ ಮಾತ್ರ ಉಳಿದಿತ್ತು. ಹುಟ್ಟಿದ ವರ್ಷದ್ದು, ಅಮ್ಮ ಉಜ್ಜಿದ್ದು.

"ಇದನ್ನ ಅಂಗಡಿಯವನು ಕೈಯಲ್ಲೂ ಮುಟ್ಟಲಿಲ್ಲ. ಕಸಕ್ಕೆ ಹಾಕಿ ಅಂದ. ಅಮ್ಮ ಅವನಿಗೆ ಕೊಟ್ಟ ಕಾಫೀನ ಅರ್ಧದಲ್ಲೇ ವಾಪಸ್ ತಗೊಂಡ್ರು."

ಅವಳಿಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ. ನನ್ನ ಒಂದು ಪದದಿಂದ ಇಪ್ಪತ್ತೊಂಬತ್ತು ವರ್ಷ ಉಳಿಯುತ್ತಿತ್ತು ಎಂದಳು.

"ನಾಲ್ಕು ಗಂಟೆಯಿಂದ ನಿಮ್ಮ ಮೇಲೆ ಸಿಟ್ಟು ಮಾಡ್ಕೊಳ್ಳೋಕೆ ಪ್ರಯತ್ನಪಡ್ತಿದ್ದೀನಿ," ಎಂದ ಅವನು. "ಸ್ವಲ್ಪ ಬಂತು. ನಿಲ್ಲಲಿಲ್ಲ. ಉಳೀತಿತ್ತು, ಸರಿ. ಆದರೆ ಹನ್ನೊಂದು ಜನರನ್ನ ಬೀದಿಗೆ ಹಾಕಿ ಉಳಿಸ್ಕೊಂಡ ಸಾಲನ್ನ ನಾನು ಯಾವ ಕಪಾಟಲ್ಲಿ ಇಟ್ಕೊಳ್ಳಲಿ?"

ಅವನು ಕನ್ನಡಕ ತೆಗೆದ. ಒರೆಸಲಿಲ್ಲ, ಸುಮ್ಮನೆ ಹಿಡಿದುಕೊಂಡ.

"ವರ್ಷಕ್ಕೆ ಮುನ್ನೂರ ಅರವತ್ತೈದು ದಿನ ಇತ್ತು. ಹುಡುಕಿ ಹುಡುಕಿ ಇಲ್ಲದೇ ಇರೋ ದಿನವನ್ನೇ ಆರಿಸಿದ್ದೀನಿ."

"ನಾಳೆ ಅಂದಿದ್ರೂ ಒಪ್ಕೋತಿದ್ದೆ," ಎಂದಳು ಅವಳು.

ಮೇಲೆ ಹೊಲಿಗೆಯಂತ್ರದ ಸದ್ದು ನಿಂತಿತು. ತಾಯಿ ಮೆಟ್ಟಿಲ ತುದಿಯಲ್ಲಿ ನಿಂತು ಕೇಳಿಸಿಕೊಳ್ಳುತ್ತಿದ್ದಾರೆಂದು ಇಬ್ಬರಿಗೂ ಗೊತ್ತಾಯಿತು. ಇಬ್ಬರೂ ಗೊತ್ತಿಲ್ಲದಂತಿದ್ದರು.

ಅವಳು ಚೀಲದಿಂದ ಕೊನೆಯ ಸೆಟ್ ತೆಗೆದಳು. ಮೊಹರು ಒಡೆದಳು. ಎಲ್ಲಕ್ಕಿಂತ ಸಣ್ಣ ನಾಣ್ಯವನ್ನು ಚಿಮಟದಿಂದ ಎತ್ತಿ ಅವನ ಮುಂದೆ ಹಿಡಿದಳು.

"ತೂಗಿ."

ಅವನು ಗಾಜಿನ ಗೂಡಿನ ಎಡ ಬಾಗಿಲು ಸರಿಸಿ ನಾಣ್ಯವನ್ನು ತಟ್ಟೆಯ ಮೇಲಿಟ್ಟ. ಸೂಕ್ಷ್ಮ ತಕ್ಕಡಿಗೂ ಎರಡು ಬಾಗಿಲು. ಎರಡೂ ಮುಚ್ಚಿದ ಮೇಲೆಯೇ ಅದು ಓದುತ್ತದೆ. ಗ್ರಾಮಿನ ಹತ್ತು ಲಕ್ಷದ ಒಂದು ಭಾಗ, ಒಂದು ಮೈಕ್ರೋಗ್ರಾಂ, ಅದಕ್ಕೆ ಕಾಣುತ್ತದೆ. ಅಂಕಿ ನಿಂತಿತು. ಅವನು ಬರೆದುಕೊಂಡು ನಾಣ್ಯವನ್ನು ಹೊರಗೆ ತೆಗೆದ.

ಅವಳು ಬಲಗೈ ಚಾಚಿದಳು. ಗವಸಿರಲಿಲ್ಲ.

"ಏನ್ಮಾಡ್ತಿದ್ದೀರಿ! ಅದು ಕೊನೇದು."

"ಅಳೀಬೇಕು ಅಂದ್ರೆ ಯಾರಾದ್ರೂ ತಪ್ಪು ಮಾಡ್ಬೇಕು ಅಂದಿದ್ರಲ್ಲ."

ಎಂಟು ವರ್ಷದಲ್ಲಿ ಮೊದಲ ಬಾರಿಗೆ ಅವಳ ಹೆಬ್ಬೆರಳು ಆ ಕಪ್ಪು ಕನ್ನಡಿಯ ಮೇಲೆ ಕೂತಿತು. ತಣ್ಣಗಿತ್ತು. ಅಂದುಕೊಂಡದ್ದಕ್ಕಿಂತ ನಯವಾಗಿತ್ತು. ಇನ್ನು ಈ ಗುರುತನ್ನು ಯಾವ ಬಟ್ಟೆಯೂ ಒರೆಸಲಾರದು. ಯಾವ ಅಂಗಡಿಯವನೂ ಇದನ್ನು ಕೊಳ್ಳಲಾರ.

ಅವಳು ನಾಣ್ಯವನ್ನು ಚಿಮಟದಲ್ಲೇ ಅವನ ಕಡೆ ತಿರುಗಿಸಿದಳು. ಹಿಂಬದಿಯಲ್ಲಿ ಇನ್ನೊಂದು ಹೆಬ್ಬೆರಳಿಗೆ ಜಾಗವಿತ್ತು.

ಅವನು ಗವಸಿನ ತುದಿಯನ್ನು ಹಲ್ಲಿನಿಂದ ಎಳೆದು ತೆಗೆದ. ಒತ್ತಿದ.

"ಫೆಬ್ರವರಿಯಿಂದ ನನ್ನನ್ನ ಸಾದಾ ನಾಣ್ಯದ ವಿಭಾಗಕ್ಕೆ ಹಾಕಿದ್ದಾರೆ," ಎಂದಳು ಅವಳು. "ತುಂಬಾ ಗದ್ದಲವಂತೆ. ಆದರೆ ಕಿಟಕಿ ಇದೆಯಂತೆ."

"ದಣಿವಾಗುತ್ತಾ ಅಲ್ಲಿ?"

"ದಿನಾ ಸಂಜೆ ಕೇಳಿ, ಹೇಳ್ತೀನಿ."

"ದಿನಾ ಸಂಜೆ ಅಂದ್ರೆ, ಒಂದೇ ಮನೇಲಿರ್ಬೇಕಾಗುತ್ತೆ."

"ಹೂಂ," ಎಂದಳು ಅವಳು. ಅಕ್ಟೋಬರಿನಿಂದ ಗಂಟಲಲ್ಲಿ ಸಿಕ್ಕಿಕೊಂಡಿದ್ದ ಆ ಒಂದು ಸದ್ದು ಕೊನೆಗೂ ಹೊರಗೆ ಬಂತು.

ಅವನು ನಾಣ್ಯವನ್ನು ಚಿಮಟದಿಂದ ತಟ್ಟೆಯ ಮೇಲಿಟ್ಟು ಎರಡೂ ಬಾಗಿಲು ಮುಚ್ಚಿದ. ಇಬ್ಬರೂ ಉಸಿರು ಹಿಡಿದು ಬಾಗಿದರು. ಅಂಕಿ ಏರಿತು, ಇಳಿಯಿತು, ಅಲುಗಾಡಿತು, ನಿಂತಿತು. ಅವನು 'ಎರಡು ಬೆರಳಚ್ಚು' ಎಂದು ಬರೆದು, ಮೊದಲಿನ ತೂಕವನ್ನು ಕಳೆದು, ಕಾಗದವನ್ನು ಅವಳ ಕಡೆ ತಿರುಗಿಸಿದ.

ನಲವತ್ತಮೂರು ಮೈಕ್ರೋಗ್ರಾಂ.